ತೋಟದಲ್ಲಿ ಬೀಜಗಣಿತದ ಪರೀಕ್ಷೆ



ಹನ್ನೆರಡನೆಯ ಶತಮಾನದಲ್ಲೇ ರಾಜಾದಿತ್ಯನು ಕನ್ನಡದಲ್ಲಿ ‘ವ್ಯವಹಾರ ಗಣಿತ’ವನ್ನು ಬರೆದನು. ಲೆಕ್ಕವಿರುವುದು ಬದುಕಿಗಾಗಿ. ಭಟ್ಕಳ, ಹೊನ್ನಾವರ, ಕುಮಟಾಗಳ ಅಡಿಕೆ ತೋಟದಲ್ಲಿ ನಿಮ್ಮ ಏಳನೆಯ, ಎಂಟನೆಯ ಇಯತ್ತೆಯ ಮಕ್ಕಳನ್ನು ಹೀಗೆ ಕೇಳಿರಿ:

“ಫಲ ಕೊಡುವ ಅಡಿಕೆ ಮರಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ ಬೇಕು. 100 ಗ್ರಾಂ ಯೂರಿಯಾದಲ್ಲಿ ಸಾರಜನಕ 46 ಗ್ರಾಂ. ಹಾಗಾದರೆ ಯೂರಿಯಾ ಎಷ್ಟು ಬೇಕು?”

‘46 ಗ್ರಾಂ’ ಎಂದರೆ ಪ್ರಶ್ನೆ ತಿಳಿದಿಲ್ಲ. ಅಷ್ಟೇ ಹಾಕಿದರೆ ಮರಕ್ಕೆ ಸಿಗುವ ಸಾರಜನಕ ಬರೇ 21 ಗ್ರಾಂ. ಬೇಕಾದ ಯೂರಿಯಾಕ್ಕೆ ‘ಯ’ ಎಂದು ಹೆಸರಿಟ್ಟು, 0.46 × ಯ = 100 ಎಂದು ಬರೆದರೆ ದಾರಿ ಸರಿ. ಉತ್ತರ ಸುಮಾರು 217 ಗ್ರಾಂ. ಅದನ್ನು ತಿರುಗಿ ಗುಣಿಸಿ ತಾಳೆ ನೋಡಿದರೆ ಪೂರ್ಣ ಅಂಕ ಕೊಡಿರಿ.

ತಪ್ಪಿದರೆ ಗದರಿಸಬೇಡಿರಿ. “ಹೇಗೆ ಮಾಡಿದೆ, ಹೇಳು ಮಗಾ” ಎನ್ನಿರಿ. ಎಲ್ಲಿ ತಪ್ಪಿತೆಂಬುದು ಆಗ ತಾನಾಗಿ ಕಾಣುತ್ತದೆ.

— ನಿಮ್ಮ ಗ್ರಾಮಸೇವಕ