ಕೆರೆಯ ದಂಡೆ, ಗಾಳಿಯ ಗುಟ್ಟು

‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬುದು ಹಿರಿಯರ ಮಾತು. ಈ ಮಾತನ್ನು ಕಾಲ್ನಡಿಗೆಯಲ್ಲೇ ಕಲಿಸುವ ಉದ್ಯಾನವೊಂದು ಇಂಗ್ಲೆಂಡಿನ ವಿಲ್ಟ್‌ಷೈರ್‌ನಲ್ಲಿದೆ. ಅದರ ಹೆಸರು ಬೋವುಡ್. ಕಾನ್ ಎಂಬ ಪುಟ್ಟ ಪಟ್ಟಣದ ಪಕ್ಕದಲ್ಲಿರುವ ಇದು ಲ್ಯಾನ್ಸ್‌ಡೌನ್ ಮನೆತನದ ಎಸ್ಟೇಟು.

ಮೈಸೂರಿನವರಿಗೆ ಈ ಹೆಸರು ಹೊಸದಲ್ಲ. 1888ರಿಂದ 1894ರವರೆಗೆ ಭಾರತದ ವೈಸ್‌ರಾಯ್ ಆಗಿದ್ದ ಲಾರ್ಡ್ ಲ್ಯಾನ್ಸ್‌ಡೌನ್ ಈ ಮನೆತನದವನೇ. ಅವನ ಮೈಸೂರು ಭೇಟಿಯ ನೆನಪಿಗೆ 1892ರಲ್ಲಿ ಎದ್ದು ನಿಂತದ್ದೇ ಲ್ಯಾನ್ಸ್‌ಡೌನ್ ಕಟ್ಟಡ. 2012ರಲ್ಲಿ ಅದರ ಒಂದು ಭಾಗ ಕುಸಿದು ಸುದ್ದಿಯಾಗಿತ್ತು.

ಬೋವುಡ್‌ನ ದೊಡ್ಡ ಮನೆಯನ್ನು 1950ರ ದಶಕದಲ್ಲಿ ಕೆಡವಲಾಯಿತು. ಉಳಿದ ಭಾಗದಲ್ಲಿ ಕಿತ್ತಳೆ ಗಿಡಗಳನ್ನು ಚಳಿಯಿಂದ ಕಾಪಾಡಲು ಕಟ್ಟಿದ ಉದ್ದನೆಯ ಕಟ್ಟಡವೊಂದಿದೆ. ಅದರ ಎದುರಿನಿಂದ ಹೊರಟರೆ ಹುಲ್ಲುಹಾಸು ಮೆಲ್ಲಗೆ ಇಳಿಯುತ್ತಾ ಕೆರೆಯ ಕಡೆಗೆ ಸಾಗುತ್ತದೆ. ಅಲ್ಲಲ್ಲಿ ದೇವದಾರು ಜಾತಿಯ ಹಳೆಯ ಮರಗಳು. ಕೆರೆಯೋ ನದಿಯಂತೆ ಬಳುಕಿ ಮರಗಳ ಹಿಂದೆ ಮರೆಯಾಗುತ್ತದೆ. ಎಲ್ಲವೂ ಪ್ರಕೃತಿಯ ಕೈಚಳಕ ಎನ್ನಿಸದಿರದು.

ಆದರೆ ನಿಜ ಬೇರೆ! 1760ರ ದಶಕದಲ್ಲಿ ಒಡೆಯನಾಗಿದ್ದ ಷೆಲ್ಬರ್ನ್ ಪ್ರಭು ಲ್ಯಾನ್ಸೆಲಾಟ್ ಬ್ರೌನ್ ಎಂಬ ಉದ್ಯಾನ ಶಿಲ್ಪಿಯನ್ನು ಕರೆಸಿದ. ‘ಕೇಪಬಿಲಿಟಿ ಬ್ರೌನ್’ ಎಂದೇ ಹೆಸರಾದ ಆತ ತೊರೆಗೆ ಒಡ್ಡು ಹಾಕಿಸಿ ನೀರು ನಿಲ್ಲಿಸಿದ. ಮ್ಯಾನಿಂಗ್ಸ್ ಹಿಲ್ ಎಂಬ ಹಳ್ಳಿ ಮುಳುಗಿತು. 2007ರಲ್ಲಿ ಕೆರೆಗಿಳಿದ ಮುಳುಗುಗಾರರಿಗೆ ಮನೆಗಳ ಅವಶೇಷ ಸಿಕ್ಕವು. ಹಳೆಯ ಕನ್ನಂಬಾಡಿ ಮುಳುಗಿದ್ದು ಹೊಲಗದ್ದೆಗಳಿಗೆ ನೀರುಣಿಸಲು. ಇಲ್ಲಿ ಹಳ್ಳಿ ಮುಳುಗಿದ್ದು ಒಬ್ಬ ಶ್ರೀಮಂತನ ಕಿಟಕಿಯ ನೋಟಕ್ಕಾಗಿ! ದಂಡೆಯ ಮೇಲೆ ಮುಂದೆ ನಡೆದರೆ ಧುಮುಕುವ ಜಲಪಾತವೂ ಮನುಷ್ಯ ಕಟ್ಟಿದ್ದೇ. ಕಣ್ಣು ಕಂಡದ್ದೆಲ್ಲ ನಿಜವಲ್ಲ ಎಂಬ ಮೊದಲ ಪಾಠವಿದು.

ಎರಡನೆಯ ಪಾಠ ಹೊರಟ ಜಾಗದಲ್ಲೇ ಇದೆ. ಕಿತ್ತಳೆ ಗಿಡಗಳ ಆ ಕಟ್ಟಡದ ತುದಿಯಲ್ಲೊಂದು ಚಿಕ್ಕ ಕೋಣೆ. ಷೆಲ್ಬರ್ನ್‌ನ ಗ್ರಂಥಪಾಲಕನೂ ಮಕ್ಕಳ ಶಿಕ್ಷಣದ ಮೇಲ್ವಿಚಾರಕನೂ ಆಗಿದ್ದ ಜೋಸೆಫ್ ಪ್ರೀಸ್ಟ್ಲಿಯ ಪ್ರಯೋಗಶಾಲೆ ಅದು. 1774ರ ಆಗಸ್ಟ್ 1ರಂದು ಆತ ಹನ್ನೆರಡು ಅಂಗುಲ ಅಗಲದ ಮಸೂರದಿಂದ ಬಿಸಿಲನ್ನು ಪಾದರಸದ ಕೆಂಪು ಭಸ್ಮದ ಮೇಲೆ ಕೇಂದ್ರೀಕರಿಸಿದ. ಒಂದು ಅನಿಲ ಹೊಮ್ಮಿತು. ಅದರಲ್ಲಿಟ್ಟ ಮೇಣದ ಬತ್ತಿ ಅಚ್ಚರಿಯಾಗುವಷ್ಟು ಪ್ರಖರವಾಗಿ ಉರಿಯಿತು. ಅದೇ ಇಂದಿನ ಆಮ್ಲಜನಕ. (ಪಾದರಸ ವಿಷ. ವಿದ್ಯಾರ್ಥಿಗಳು ಈ ಪ್ರಯೋಗಕ್ಕೆ ಕೈಹಾಕಬಾರದು.)

ಕೈಗೆ ಸಿಕ್ಕಿದ್ದನ್ನು ಪ್ರೀಸ್ಟ್ಲಿ ಅರ್ಥ ಮಾಡಿಕೊಂಡನೇ? ಇಲ್ಲ. ಉರಿಯುವ ವಸ್ತುವಿನಿಂದ ‘ಫ್ಲಾಜಿಸ್ಟನ್’ ಎಂಬುದು ಹೊರಬಿದ್ದು ಗಾಳಿ ಸೇರುತ್ತದೆಂಬ ನಂಬಿಕೆ ಅಂದು ಬೇರೂರಿತ್ತು. ತನಗೆ ದೊರೆತದ್ದು ಫ್ಲಾಜಿಸ್ಟನ್ ಇಲ್ಲದ ಶುದ್ಧ ಗಾಳಿ, ಆದ್ದರಿಂದಲೇ ಅದು ಜ್ವಾಲೆಯಿಂದ ಫ್ಲಾಜಿಸ್ಟನ್ನನ್ನು ಆತುರದಿಂದ ಹೀರುತ್ತದೆ ಎಂದು ಆತ ಬಗೆದ. ಅದೇ ವರ್ಷ ಅಕ್ಟೋಬರಿನಲ್ಲಿ ಪ್ಯಾರಿಸ್‌ನಲ್ಲಿ ಲವೋಸಿಯೆಗೆ ಈ ಸಂಗತಿ ತಿಳಿಸಿದ. ಉರಿಯುವಾಗ ವಸ್ತುವಿನಿಂದ ಏನೂ ಹೋಗುವುದಿಲ್ಲ, ಬದಲಿಗೆ ಗಾಳಿಯ ಒಂದು ಭಾಗ ಅದರೊಡನೆ ಸೇರುತ್ತದೆ ಎಂದು ತೂಕ ಮಾಡಿ ತೋರಿಸಿ, ಆ ಭಾಗಕ್ಕೆ ಆಕ್ಸಿಜನ್ ಎಂದು ಹೆಸರಿಟ್ಟವನು ಲವೋಸಿಯೆ. ಪ್ರೀಸ್ಟ್ಲಿ ಮಾತ್ರ 1804ರಲ್ಲಿ ಸಾಯುವವರೆಗೂ ಹಳೆಯ ನಂಬಿಕೆ ಬಿಡಲಿಲ್ಲ. ಅಷ್ಟು ದೊಡ್ಡ ಪ್ರಯೋಗಶೀಲನಿಗೂ ಕಂಡದ್ದಕ್ಕಿಂತ ನಂಬಿದ್ದೇ ದೊಡ್ಡದಾಯಿತು!

ಈ ತೋಟಕ್ಕೆ ಮತ್ತೊಬ್ಬ ವಿಜ್ಞಾನಿಯ ನಂಟೂ ಇದೆ. ಪುದೀನ ಗಿಡ ಕೆಟ್ಟ ಗಾಳಿಯನ್ನು ಮತ್ತೆ ಉರಿಯಲು ಯೋಗ್ಯವಾಗಿಸುವುದನ್ನು ಪ್ರೀಸ್ಟ್ಲಿ 1771ರಲ್ಲೇ ಕಂಡಿದ್ದ. ಹೇಗೆಂಬುದು ತಿಳಿದಿರಲಿಲ್ಲ. ಹಾಲೆಂಡಿನ ವೈದ್ಯ ಯಾನ್ ಇಂಗನ್‌ಹೌಸ್ ನೀರಿನಲ್ಲಿ ಮುಳುಗಿಸಿದ ಎಲೆಗಳನ್ನು ಗಮನಿಸಿದ. ಬಿಸಿಲಿನಲ್ಲಿ ಅವುಗಳಿಂದ ಗುಳ್ಳೆಗಳು ಏಳುತ್ತಿದ್ದವು, ಕತ್ತಲೆಯಲ್ಲಿ ನಿಲ್ಲುತ್ತಿದ್ದವು. ಕೆಲಸ ಮಾಡುವುದು ಹಸಿರು ಭಾಗ, ಮಾಡಿಸುವುದು ಬೆಳಕು ಎಂದು 1779ರಲ್ಲಿ ಪ್ರಕಟಿಸಿದ. ಇಂದು ಶಾಲೆಯಲ್ಲಿ ಕಲಿಯುವ ದ್ಯುತಿಸಂಶ್ಲೇಷಣೆಗೆ ಇದೇ ತಳಹದಿ. ಇಂಗನ್‌ಹೌಸ್ 1799ರಲ್ಲಿ ಕೊನೆಯುಸಿರೆಳೆದದ್ದು ಇದೇ ಬೋವುಡ್‌ನಲ್ಲಿ. ಪ್ರೀಸ್ಟ್ಲಿ ಮಸೂರ ಹಿಡಿದು ಪಡೆದ ಅನಿಲವನ್ನು ಕಿಟಕಿಯಾಚೆಯ ಮರಗಳು ಅದೇ ಬಿಸಿಲಿನಿಂದ ಸದ್ದಿಲ್ಲದೆ ತಯಾರಿಸುತ್ತಿದ್ದವು!

ಇದನ್ನು ಕಾಣಲು ಇಂಗ್ಲೆಂಡಿಗೇ ಹೋಗಬೇಕಿಲ್ಲ. ಊರ ಕೆರೆಯಿಂದ ಒಂದಿಷ್ಟು ನೀರುಗಿಡವನ್ನು ತಂದು, ನೀರು ತುಂಬಿದ ಗಾಜಿನ ಲೋಟದಲ್ಲಿಟ್ಟು ಬಿಸಿಲಿಗೆ ಹಿಡಿದರೆ ಸಾಕು. ಗುಳ್ಳೆ ಎದ್ದವೇ? ನೆರಳಿಗೆ ಸರಿಸಿದರೆ ಏನಾಯಿತು? ವಿದ್ಯಾರ್ಥಿಗಳು ನೋಡಿ ಬರೆದಿಡಲಿ. ಪಠ್ಯಪುಸ್ತಕದಲ್ಲಿ ಹಾಗಿಲ್ಲವಲ್ಲ ಎಂದು ಮಗು ಕೇಳಿದರೆ ತಂದೆತಾಯಿಗಳು ಗದರಬಾರದು. ಮತ್ತೊಮ್ಮೆ ಮಾಡಿ ನೋಡು ಎನ್ನಬೇಕು. ಪ್ರೀಸ್ಟ್ಲಿ ಎಡವಿದ್ದು ನೋಡುವುದರಲ್ಲಲ್ಲ, ನಂಬಿದ್ದನ್ನು ಬಿಡುವುದರಲ್ಲಿ.