ತೊಗರಿ ಹೂ ಬಿಡುವಾಗ ಬರಿಗೈಯಲ್ಲಿ ನಡೆಯಿರಿ

ಶೀಗೆ ಹುಣ್ಣಿಮೆ ದಾಟಿತೆಂದರೆ ಮುಡಬಿ ಕಡೆಯ ತೊಗರಿ ಬೆಳೆಗಾರರ ಕೈಗೆ ಕೆಲಸ ಕಡಿಮೆ, ತಲೆಗೆ ಜಾಸ್ತಿ. ಉದ್ದು, ಹೆಸರಿನ ರಾಶಿ ಮುಗಿದಿರುತ್ತದೆ. ತೊಗರಿ ಸಾಲು ಕೂಡಿಕೊಂಡು ಎಡೆ ಹೊಡೆಯಲು ಬರುವುದಿಲ್ಲ. ಬಿಳಿಜೋಳ, ಕಡಲೆ ಬಿತ್ತಿದ ಮೇಲೆ ಕಾಯುವುದೇ ಕೆಲಸ. ತೊಗರಿ ರಾಶಿಯಾಗುವ ತನಕ ಮೋಡ, ಹುಳ, ದರ, ಸಾಲದ ಕಂತು ಇವೇ ತಲೆಯೊಳಗೆ ಗಾಣದ ಎತ್ತಿನ ಹಾಗೆ ಸುತ್ತುತ್ತವೆ. 2022ರಲ್ಲಿ ಬೀದರ, ಕಲಬುರಗಿ ಜಿಲ್ಲೆಗಳಲ್ಲಿ ನೆಟೆರೋಗ ಬಂದು ನಿಂತ ತೊಗರಿ ಒಣಗಿತು. 2025ರ ಆಗಸ್ಟ್-ಸೆಪ್ಟೆಂಬರ್ ಮಳೆಗೆ ಹೊಲದಲ್ಲಿ ನೀರು ನಿಂತಿತು. ಇಂಥ ವರ್ಷಗಳನ್ನು ಕಂಡವರಿಗೆ ನಿದ್ದೆ ಬರದಿದ್ದರೆ ಸೋಜಿಗವಿಲ್ಲ.

ಈ ದಿನಗಳಲ್ಲಿ ನನಗೆ ಉಪಯೋಗಕ್ಕೆ ಬಂದದ್ದು ಬೆಳಗಿನ ಅರ್ಧ ತಾಸಿನ ನಡಿಗೆ. "ದಿನಾ ಹೊಲದಾಗೇ ತಿರುಗ್ತೀವಿ, ಮತ್ತ ಬ್ಯಾರೆ ನಡಿಗಿ ಯಾಕ್ರೀ?" ಎಂದು ಬಹಳ ಮಂದಿ ಕೇಳಿದ್ದಾರೆ. ಕೇಳುವುದು ಖರೆ ಇದೆ. ಉತ್ತರ ಹೇಳುತ್ತೇನೆ.

ಹೊಲ ಸುತ್ತುವುದು ಬೇರೆ

ಹೊಲ ಸುತ್ತುವಾಗ ನಮ್ಮ ಕಣ್ಣು ಕುಂದು ಹುಡುಕುತ್ತದೆ. ಒಣಗಿದ ಗಿಡ ಕಂಡರೆ ಎಷ್ಟು ಕ್ವಿಂಟಲ್ ಹೋಯಿತು ಎಂಬ ಲೆಕ್ಕ. ಹುಳ ಕಂಡರೆ ಔಷಧಿಯ ಖರ್ಚು. ಅಂದರೆ ಸ್ವಂತ ಹೊಲ ನಮಗೆ ತೆರೆದಿಟ್ಟ ಖಾತೆ ಪುಸ್ತಕ. ಅದರೊಳಗೆ ನಡೆದಷ್ಟೂ ಚಿಂತೆ ಬೆಳೆಯುತ್ತದೆ.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಕೆಲವರನ್ನು 90 ನಿಮಿಷ ಹುಲ್ಲು, ಮರಗಳಿರುವ ಜಾಗದಲ್ಲಿ ನಡೆಸಿದರು. ಇನ್ನು ಕೆಲವರನ್ನು ವಾಹನ ತುಂಬಿದ ರಸ್ತೆ ಬದಿಗೆ ನಡೆಸಿದರು. ಹಸಿರಿನಲ್ಲಿ ನಡೆದವರಲ್ಲಿ ಅದದೇ ಕೊರಗನ್ನು ಮೆಲುಕು ಹಾಕುವುದು ಕಡಿಮೆಯಾಯಿತು. ರಸ್ತೆ ಬದಿ ನಡೆದವರಲ್ಲಿ ಹಾಗಾಗಲಿಲ್ಲ. ಗಮನಿಸಿ, ಅವರು ನಡೆದದ್ದು ತಮ್ಮ ಹೊಲದಲ್ಲಲ್ಲ. ಅಲ್ಲಿ ಅವರಿಗೆ ಲಾಭ-ನಷ್ಟ ಏನೂ ಇರಲಿಲ್ಲ. ಹಾಗಾಗಿ ನನ್ನ ಮೊದಲ ಸಲಹೆ: ನಡಿಗೆಗೆ ಸ್ವಂತ ಹೊಲ ಬೇಡ. ಬಂಡಿ ದಾರಿ, ಹಳ್ಳದ ದಂಡೆ, ಗಾಯರಾಣ ಆದೀತು.

ನಡೆಯುವ ಕ್ರಮ

ಶರದೃತು ಇದಕ್ಕೆ ಒಳ್ಳೆಯ ಕಾಲ. ಮಳೆಗಾಲದಲ್ಲಿ ಎರೆಮಣ್ಣು ಕಾಲಿಗೆ ಮೆತ್ತಿ ಹೆಜ್ಜೆ ಕೀಳಲು ಬಿಡುವುದಿಲ್ಲ. ಬೇಸಿಗೆಯಲ್ಲಿ ಬಿಸಿಲು. ಸ್ವಾತಿ ಮಳೆ ಹೊತ್ತಿಗೆ ದಾರಿ ಗಟ್ಟಿಯಾಗಿ, ಬೆಳಗ್ಗೆ ಹಿತವಾದ ಥಂಡಿ ಇರುತ್ತದೆ.

ಬೆಳಕು ಹರಿದ ಮೇಲೆ ಹೊರಡಿ. ಕುಡುಗೋಲು, ಬುತ್ತಿ, ಮೊಬೈಲ್ ಮನೆಯಲ್ಲಿರಲಿ. ಮೊದಲ ಐದು ನಿಮಿಷ ಎಂದಿನಂತೆ ನಡೆಯಿರಿ. ಆಮೇಲೆ ನಿಧಾನಿಸಿ, ಹೆಜ್ಜೆ ಮಣ್ಣಿಗೆ ತಾಗುವುದನ್ನು ಲಕ್ಷ್ಯಕ್ಕೆ ತಂದುಕೊಳ್ಳಿ. ನಂತರ ಕಿವಿಗೆ ಕೆಲಸ ಕೊಡಿ. ದೂರದ ಸಪ್ಪಳ ಯಾವುದು, ಹತ್ತಿರದ್ದು ಯಾವುದು ಕೇಳಿ. ಆಮೇಲೆ ಕಣ್ಣು. ತೊಗರಿಯ ಹಳದಿ ಹೂವಿನ ಮೇಲೆ ಜೇನು, ತಂತಿಯಿಂದ ಹಾರಿ ಹುಳ ಹಿಡಿದು ಮತ್ತೆ ಅಲ್ಲೇ ಬಂದು ಕೂರುವ ಕಾಜಾಣ, ಇಬ್ಬನಿ ಹಿಡಿದ ಜೇಡರ ಬಲೆ ಕಂಡಾವು.

ನಡುವೆ ಸಾಲದ ನೆನಪು ಬಂದೇ ಬರುತ್ತದೆ. ಅದನ್ನು ಗದ್ದರಿಸಬೇಡಿ. "ಬಂತು" ಅಂದುಕೊಂಡು ಮತ್ತೆ ಹೆಜ್ಜೆಗೆ ಲಕ್ಷ್ಯ ಕೊಡಿ. ಇಪ್ಪತ್ತು ಸಲ ಬಂದರೆ ಇಪ್ಪತ್ತು ಸಲ. ಅಭ್ಯಾಸ ಅಂದರೆ ಇಷ್ಟೇ.

ಶುರುವಿನಲ್ಲಿ ಊರವರು "ಏನ್ ಕಳ್ಕೊಂಡೀರಿ, ಹುಡಕ್ಲಿಕತ್ತೀರಿ?" ಅನ್ನುತ್ತಾರೆ. ವಾರದ ಮೇಲೆ ಅವರಿಗೂ ರೂಢಿಯಾಗುತ್ತದೆ. ನಮ್ಮ ಮನೆಯವರು ನೆರೆಯ ಇಬ್ಬರನ್ನು ಕರೆದುಕೊಂಡು ಸಂಜೆ ಹೋಗುತ್ತಾರೆ. ಹೋಗುವಾಗ ಮೌನ, ಬರುವಾಗ ಮಾತು ಎಂಬುದು ಅವರೇ ಮಾಡಿಕೊಂಡ ನಿಯಮ.

ಲೆಕ್ಕ ಆಮೇಲೆ

ನಡಿಗೆ ಮುಗಿಸಿ ನಾನು ಹೊಲಕ್ಕೆ ಇಳಿಯುತ್ತೇನೆ. ಐದು ಕಡೆ ನಿಂತು, ಗಿಡ ಬಗ್ಗಿಸಿ, ಕಾಯಿಕೊರಕದ ಮೊಟ್ಟೆ, ಮರಿ ಎಣಿಸಿ ಬರೆದಿಡುತ್ತೇನೆ. ಮೋಡ ಕವಿಯಿತು, ಪಕ್ಕದವರು ಹೊಡೆದರು ಎಂಬ ಅಂಜಿಕೆಗೆ ಪಂಪು ಹೆಗಲಿಗೇರಿಸುವುದಕ್ಕೂ, ಎಣಿಸಿ ನೋಡಿ ಹೊಡೆಯುವುದಕ್ಕೂ ಬಹಳ ಫರಕು ಇದೆ. ತಲೆ ತಣ್ಣಗಿದ್ದಾಗ ಎಣಿಕೆ ಸರಿಯಾಗುತ್ತದೆ ಎಂಬುದು ನನ್ನ ಅನುಭವ.

ಎಚ್ಚರಿಕೆ

ಈ ಕಾಲದಲ್ಲಿ ಹುಲ್ಲು ದಟ್ಟವಾಗಿರುತ್ತದೆ. ಕೊಳಕುಮಂಡಲ ಹಾವು ಮಲಗಿದ್ದರೆ ಕಾಣುವುದಿಲ್ಲ. ಕತ್ತಲಲ್ಲಿ ಹೋಗಬೇಡಿ, ಮುಚ್ಚಿದ ಬೂಟು ಹಾಕಿ, ಒಡ್ಡಿನ ಹುಲ್ಲಿಗೆ ಕಾಲಿಡಬೇಡಿ. ಹೊಸದಾಗಿ ಔಷಧಿ ಹೊಡೆದ ಹೊಲದ ಮಗ್ಗುಲಿಗೆ ಹೋಗಬೇಡಿ.

ನಡಿಗೆಯಿಂದ ಸಾಲ ತೀರುವುದಿಲ್ಲ, ನೆಟೆರೋಗ ವಾಸಿಯಾಗುವುದಿಲ್ಲ. ಎರಡು ವಾರವಾದರೂ ನಿದ್ದೆ ಬಾರದೆ, ಊಟ ಸೇರದೆ, ಬದುಕೇ ಬೇಡ ಅನ್ನಿಸುತ್ತಿದ್ದರೆ ಅದು ನಡಿಗೆಗೆ ಬಗ್ಗುವ ಚಿಂತೆಯಲ್ಲ. ಬದುಕು ಬೇಡ ಅನ್ನಿಸಿದರಂತೂ ಎರಡು ವಾರ ಕಾಯುವುದೂ ಬೇಡ. ಡಾಕ್ಟರನ್ನು ಕಾಣಬೇಕು. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ದಿನದ 24 ತಾಸೂ ಪುಕ್ಕಟೆ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಈ ನಂಬರನ್ನು ಕೀಟನಾಶಕದ ಡಬ್ಬಿ ಇಡುವ ಗೂಡಿನ ಬಾಗಿಲ ಮೇಲೆ ಸುಣ್ಣದಲ್ಲಿ ದೊಡ್ಡದಾಗಿ ಬರೆದಿಡಿ.