ಕಣ್ಣಿಗೆ ಚಿತ್ರ, ಹೊಟ್ಟೆಗೆ ಇಡ್ಲಿ: ಕರಿಕುದುರೆಯ ಬೀದಿಯಲ್ಲೊಂದು ದಿನ

‘ಚಿತ್ರ ಬರೆದರೆ ಹೊಟ್ಟೆ ತುಂಬುತ್ತದೆಯೇ?’

ಪಿಯುಸಿ ಮುಗಿಸಿದ ಮಗನೋ ಮಗಳೋ ಚಿತ್ರಕಲಾ ಶಾಲೆಗೆ ಸೇರುತ್ತೇನೆಂದು ಹೇಳಿದ ದಿನ ಮನೆಯ ಹಿರಿಯರು ಕೇಳುವ ಮೊದಲ ಪ್ರಶ್ನೆ ಇದು. ಕೇಳುವುದು ತಪ್ಪೇನಲ್ಲ. ಆದರೆ ಈ ಪ್ರಶ್ನೆಯನ್ನು ಮಡಿಲಲ್ಲಿ ಕಟ್ಟಿಕೊಂಡೇ ಒಂದು ದಿನ ಅಪ್ಪ, ಅಮ್ಮ, ಮಕ್ಕಳು ಒಟ್ಟಿಗೆ ಸುತ್ತಾಡಿ ಬರಬಹುದಾದ ಜಾಗವೊಂದು ಮುಂಬಯಿಯಲ್ಲಿದೆ. ಅದರ ಹೆಸರು ಕಾಲಾ ಘೋಡಾ. ಅಂದರೆ ಕರಿಕುದುರೆ.

ಹೆಸರಿಗೆ ಕಾರಣವಾದ ಕುದುರೆ ಈಗ ಅಲ್ಲಿಲ್ಲ. ಅದರ ಮೇಲೆ ಕೂತಿದ್ದವನು ಬ್ರಿಟಿಷ್ ದೊರೆ ಏಳನೆಯ ಎಡ್ವರ್ಡ್. 1965ರಲ್ಲಿ ದೊರೆ, ಕುದುರೆ ಎರಡನ್ನೂ ಎತ್ತಿ ಭಾಯಖಳದ ಜೀಜಾಮಾತಾ ಉದ್ಯಾನಕ್ಕೆ ಸಾಗಿಸಲಾಯಿತು. ಹೆಸರು ಮಾತ್ರ ಬೀದಿಯಲ್ಲೇ ಉಳಿಯಿತು. 2017ರಲ್ಲಿ ಅಲ್ಲಿ ಹೊಸದೊಂದು ಕರಿಕುದುರೆಯನ್ನು ನಿಲ್ಲಿಸಿದರು; ಈ ಸಲ ಬೆನ್ನ ಮೇಲೆ ದೊರೆಯಿಲ್ಲ. ಮಕ್ಕಳಿಗೆ ಇತಿಹಾಸ ಹೇಳಲು ಇಷ್ಟು ಸಾಕು.

ಈ ಕುದುರೆಯ ಸುತ್ತ ಹತ್ತು ನಿಮಿಷದ ನಡಿಗೆಯೊಳಗೆ ದೊಡ್ಡ ವಸ್ತುಸಂಗ್ರಹಾಲಯ, ಸರ್ಕಾರದ ಆಧುನಿಕ ಕಲಾ ಗ್ಯಾಲರಿ, ಜಹಾಂಗೀರ್ ಆರ್ಟ್ ಗ್ಯಾಲರಿ, ಹತ್ತಾರು ಖಾಸಗಿ ಗ್ಯಾಲರಿಗಳು, ಹಳೆಯ ಗ್ರಂಥಾಲಯ ಎಲ್ಲವೂ ಇವೆ. ಮುಂಬಯಿಯಲ್ಲಿ ಚಿಕ್ಕಪ್ಪನೋ ಸೋದರಮಾವನೋ ಇರುವ ಕುಟುಂಬಗಳು ಕರ್ನಾಟಕದಲ್ಲಿ ಬಹಳ. ರಜೆಗೆ ಹೋದವರು ಗೇಟ್‌ವೇ ನೋಡಿ, ದೋಣಿ ಹತ್ತಿ, ಚೌಪಾಟಿಯಲ್ಲಿ ಭೇಲ್‌ಪುರಿ ತಿಂದು ಮರಳುತ್ತಾರೆ. ಗೇಟ್‌ವೇಯಿಂದ ಕೂಗಳತೆಯಲ್ಲಿರುವ ಈ ಬೀದಿಗೆ ಕಾಲಿಡುವವರು ಕಡಿಮೆ. ಬಿಸಿಲಲ್ಲಿ ಸುತ್ತಿ ಹಸಿವಾದರೆ ಎಲ್ಲಿ ಹೋಗುವುದು, ಜೇಬಿಗೆ ಎಷ್ಟು ಹೊರೆ ಎಂಬ ಅಳುಕೂ ಅದಕ್ಕೊಂದು ಕಾರಣವಿರಬಹುದು.

ಬೆಳಗಿನ ಪೂರಿ

ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್, ಹಳಬರ ಬಾಯಲ್ಲಿ ವಿ.ಟಿ., ಅಲ್ಲಿ ಇಳಿದು ನಡೆಯುವುದೇ ಒಳ್ಳೆಯದು. 2025ರ ಅಕ್ಟೋಬರ್‌ನಿಂದ ಹುತಾತ್ಮಾ ಚೌಕದವರೆಗೆ ಭೂಗತ ಮೆಟ್ರೊ ಬಂದಿದೆ, ನಿಜ. ಆದರೆ ನೆಲದೊಳಗೆ ಹೋದವರಿಗೆ ಬೀದಿ ಕಾಣುವುದಿಲ್ಲ, ಬೆಳಗಿನ ತಿಂಡಿಯೂ ಸಿಗುವುದಿಲ್ಲ. ನಿಲ್ದಾಣದ ಎದುರಿನ ಗಲ್ಲಿಯಲ್ಲಿರುವ ಪಂಚಂ ಪೂರಿವಾಲಾ ಅಂಗಡಿಯಲ್ಲಿ ಪೂರಿ-ಭಾಜಿ ತಿಂದು ಹೊರಟರೆ ಮಧ್ಯಾಹ್ನದವರೆಗೆ ಚಿಂತೆಯಿಲ್ಲ. ಪಕ್ಕದವರ ಮೊಣಕೈ ತಾಗಿಸಿಕೊಂಡು ಕೂರಬೇಕು, ತಿಂದ ಕೂಡಲೇ ಏಳಬೇಕು. ಇನ್ನೂ ಅವಸರವಿದ್ದವರಿಗೆ ವಡಾಪಾವ್ ಇದ್ದೇ ಇದೆ.

ನಿಲ್ದಾಣದ ಇನ್ನೊಂದು ಮಗ್ಗುಲಿಗೆ ಸರ್ ಜೆ.ಜೆ. ಕಲಾಶಾಲೆ ಇದೆ. ಆರಂಭವಾದದ್ದು 1857ರಲ್ಲಿ. ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಹುಡುಗನೊಬ್ಬ ಚಿತ್ರ ಕಲಿಯಬೇಕೆಂದು ಮುಂಬಯಿಗೆ ಬಂದು, 1938ರಲ್ಲಿ ಇಲ್ಲಿಂದ ಡಿಪ್ಲೊಮಾ ಪಡೆದು, ಮುಂದೆ ಇಲ್ಲೇ ಕೆಲವು ವರ್ಷ ಪಾಠ ಹೇಳಿದ. ಅವರೇ ಕೆ.ಕೆ. ಹೆಬ್ಬಾರ್. ಪದ್ಮಭೂಷಣ ಪಡೆದ ಈ ಹಿರಿಯ ಕಲಾವಿದರು 1996ರಲ್ಲಿ ತೀರಿಕೊಂಡರು.

ಹೆಬ್ಬಾರರು ಕುಂಚ ಹಿಡಿದು ಬಂದ ಆ ಕಾಲದಲ್ಲೇ ಅದೇ ಉಡುಪಿ, ಕುಂದಾಪುರ, ಕಾರ್ಕಳದ ಕಡೆಯಿಂದ ನೂರಾರು ಹುಡುಗರು ಸೌಟು, ತಟ್ಟೆ ಹಿಡಿಯಲು ಇದೇ ನಗರಕ್ಕೆ ಬರುತ್ತಿದ್ದರು. ಹಗಲಲ್ಲಿ ಹೋಟೆಲಿನಲ್ಲಿ ಟೇಬಲ್ ಒರೆಸಿ, ಸಂಜೆ ಕೈಕಾಲು ತೊಳೆದು ಕನ್ನಡ ರಾತ್ರಿಶಾಲೆಗೆ ಓಡಿದವರು ಅವರಲ್ಲಿ ಬಹಳ ಮಂದಿ. ಅಂಥ ಶಾಲೆಗಳು ಫೋರ್ಟ್ ಭಾಗದಲ್ಲೂ ಇದ್ದವು. ಹಾಗೆ ಓದಿ ವಕೀಲರಾದವರು, ಬ್ಯಾಂಕ್ ಸೇರಿದವರು, ಹೋಟೆಲು ಕಟ್ಟಿದವರು ಎಷ್ಟೋ ಮಂದಿ. ಒಂದೇ ಊರಿನ ಕಡೆಯಿಂದ ಬಂದ ಎರಡು ದಾರಿಗಳು ಈ ಗಲ್ಲಿಗಳಲ್ಲಿ ಹಾದುಹೋಗಿವೆ ಎಂಬುದನ್ನು ನೆನಪಿಟ್ಟುಕೊಂಡು ಮುಂದೆ ನಡೆಯಬಹುದು.

ಕಲಾಶಾಲೆಯಿಂದ ಹದಿನೈದು ನಿಮಿಷ ನಡೆದರೆ ಧೋಬಿ ತಲಾವ್‌ನಲ್ಲಿ 1904ರ ಕಯಾನಿ ಇರಾನಿ ಹೋಟೆಲಿದೆ. ಎತ್ತರದ ಛಾವಣಿ, ಮರದ ಕುರ್ಚಿ, ಗಾಜಿನ ಭರಣಿಗಳಲ್ಲಿ ಬಿಸ್ಕತ್ತು. ಬೆಣ್ಣೆ ಸವರಿದ ಬನ್ನನ್ನು ಹಾಲು ಹೆಚ್ಚಿನ ಚಹಾದಲ್ಲಿ ಅದ್ದಿ ತಿನ್ನುವುದು ಇಲ್ಲಿನ ಪದ್ಧತಿ. ಇದು ಬೀದಿಯ ವಿರುದ್ಧ ದಿಕ್ಕಿಗೆ ಇರುವುದರಿಂದ ಸಮಯವಿದ್ದರೆ ಮಾತ್ರ ಹೋಗಿ.

ಐಹೊಳೆಯ ಕಲ್ಲು, ಫೋರ್ಟ್‌ನ ಊಟ

ದಾದಾಭಾಯಿ ನವರೋಜಿ ರಸ್ತೆ ಹಿಡಿದು ದಕ್ಷಿಣಕ್ಕೆ ಇಪ್ಪತ್ತು ನಿಮಿಷ ನಡೆದರೆ ಕರಿಕುದುರೆ ಸಿಗುತ್ತದೆ. ಬೆಳಿಗ್ಗೆ ಕಾಲು ಗಟ್ಟಿ ಇರುವಾಗ ಮೊದಲು ವಸ್ತುಸಂಗ್ರಹಾಲಯ ನೋಡಿಬಿಡಬೇಕು. 1922ರಲ್ಲಿ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ ಎಂಬ ಹೆಸರಿನಲ್ಲಿ ಜನರಿಗೆ ತೆರೆದ ಈ ಗುಮ್ಮಟದ ಕಟ್ಟಡಕ್ಕೆ ಈಗ ಛತ್ರಪತಿ ಶಿವಾಜಿ ಮಹಾರಾಜರ ಹೆಸರು. ಒಳಗೆ ಕನ್ನಡಿಗರು ತಪ್ಪದೆ ನಿಲ್ಲಬೇಕಾದ ಜಾಗ ಶಿಲ್ಪ ವಿಭಾಗ. ಐಹೊಳೆಯ ಗುಡಿಯ ಛಾವಣಿಯಲ್ಲಿದ್ದ ಕೆತ್ತನೆಯ ಕಲ್ಲುಗಳು ಇಲ್ಲಿವೆ. ಐಹೊಳೆಯಲ್ಲಿ ಕತ್ತೆತ್ತಿ ನೋಡಬೇಕಾದದ್ದನ್ನು ಇಲ್ಲಿ ಕಣ್ಣಿನ ಮಟ್ಟದಲ್ಲಿ, ಹತ್ತಿರದಿಂದ ನೋಡಬಹುದು. ಕಿರುಚಿತ್ರಗಳ ಸಂಗ್ರಹವೂ ದೊಡ್ಡದು. ಎಲ್ಲವನ್ನೂ ನೋಡುವ ಹಟ ಬೇಡ. ಎರಡು ಗಂಟೆ ಮೀರಿದರೆ ಮಕ್ಕಳ ಕಣ್ಣು ಚಿತ್ರದಲ್ಲಿರುವುದಿಲ್ಲ, ಕ್ಯಾಂಟೀನ್ ಎಲ್ಲಿದೆ ಎಂದು ಹುಡುಕುತ್ತಿರುತ್ತದೆ.

ಊಟಕ್ಕೆ ಫೋರ್ಟ್‌ನ ಗಲ್ಲಿಗಳಿಗೆ ಹಿಂತಿರುಗುವುದೇ ಲೇಸು. ಕಚೇರಿ ನೌಕರರು ತುಂಬಿದ ಈ ಭಾಗದಲ್ಲಿ ಉಡುಪಿ ಹೋಟೆಲುಗಳು ಇನ್ನೂ ಇವೆ. ಒಂದು ಗಂಟೆಗೆ ಹೋದರೆ ಬಾಗಿಲಲ್ಲೇ ನಿಲ್ಲಬೇಕು; ಹನ್ನೆರಡೂವರೆಗೇ ಹೋಗಬೇಕು, ಇಲ್ಲವೇ ಎರಡು ಗಂಟೆ ಕಳೆಯಲಿ. ಇಲ್ಲಿ ಊಟಕ್ಕೆ ‘ರೈಸ್ ಪ್ಲೇಟ್’ ಎನ್ನುತ್ತಾರೆ. ವಿದ್ಯಾರ್ಥಿಯ ಜೇಬಿಗೆ ಎಟಕುವ ಹೊಟ್ಟೆ ತುಂಬ ಊಟ ಈ ಬೀದಿಗಳಲ್ಲಿ ಇದೊಂದೇ ಎಂದರೂ ತಪ್ಪಿಲ್ಲ. ಗಲ್ಲಾದಲ್ಲಿ ಕೂತವರ ಮುಂದೆ ಕನ್ನಡದಲ್ಲೋ ತುಳುವಿನಲ್ಲೋ ಒಂದು ಮಾತಾಡಿದರೆ ‘ಊರು ಓಲು?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಮೀನು ತಿನ್ನುವವರಿಗೆ ಇದೇ ಫೋರ್ಟ್‌ನಲ್ಲಿ ಮಂಗಳೂರಿನವರ ಮಹೇಶ್ ಲಂಚ್ ಹೋಂ ಇದೆ. ಮೀನಿನ ಗಸಿ, ನೀರುದೋಸೆ. ಕಚೇರಿ ಗುಮಾಸ್ತರ ಊಟದ ಮನೆಯಾಗಿ ಹುಟ್ಟಿದ ಇಂಥ ಹೋಟೆಲುಗಳು ಹೆಸರು ಬಂದ ಮೇಲೆ ದುಬಾರಿಯಾಗಿವೆ. ಅಪ್ಪ ಜೊತೆಗಿದ್ದ ದಿನ ಹೋಗುವುದು ಜಾಣತನ.

ಕರಿಕುದುರೆಯ ಎದುರಿನ ರಾಂಪಾರ್ಟ್ ರೋ ಬೀದಿಯ ಚೇತನಾ ಇನ್ನೊಂದು ಬಗೆಯದು. 1946ರಲ್ಲಿ ಆರಂಭವಾದ ಈ ಸಸ್ಯಾಹಾರಿ ಹೋಟೆಲು ತಾತ್ವಿಕ ಪುಸ್ತಕಗಳ ಮಳಿಗೆಯನ್ನೂ ಜೊತೆಗಿಟ್ಟುಕೊಂಡು ಬೆಳೆದದ್ದು. ಜಹಾಂಗೀರ್ ಗ್ಯಾಲರಿ ಇನ್ನೂ ಹುಟ್ಟಿರದ ದಿನಗಳಲ್ಲಿ ಯುವ ಕಲಾವಿದರ ಚಿತ್ರಗಳಿಗೆ ಗೋಡೆ ಕೊಟ್ಟ ಜಾಗಗಳಲ್ಲಿ ಇದೂ ಒಂದು. ಗುಜರಾತಿ, ರಾಜಸ್ಥಾನಿ ಥಾಲಿ ಇಲ್ಲಿನ ವಿಶೇಷ. ಬೆಲೆ ಉಡುಪಿ ಹೋಟೆಲಿನದಲ್ಲ.

ಖಾಲಿ ಜೇಬಿನ ಕಲಾವಿದರು

ಆ ಯುವ ಕಲಾವಿದರು ಯಾರು? 1947ರಲ್ಲಿ ಪ್ರೋಗ್ರೆಸಿವ್ ಆರ್ಟಿಸ್ಟ್ಸ್ ಗ್ರೂಪ್ ಕಟ್ಟಿದ ಸೋಜಾ, ರಜಾ, ಹುಸೇನ್, ಆರಾ, ಗಾಡೆ, ಬಾಕ್ರೆ. ಹುಸೇನ್ ಸಿನಿಮಾ ಹೋರ್ಡಿಂಗ್ ಬರೆದು ಹೊಟ್ಟೆ ಹೊರೆದವರು. ಆರಾ ಮನೆಗೆಲಸ ಮಾಡಿ, ಕಾರು ತೊಳೆದು ಬದುಕಿದವರು. ಮುಂದೆ ಇದೇ ರಾಂಪಾರ್ಟ್ ರೋದಲ್ಲಿ ಆರ್ಟಿಸ್ಟ್ಸ್ ಸೆಂಟರ್‌ಗಾಗಿ ದುಡಿದರು. ಚಿತ್ರಗಳಿಗೆ ಚೌಕಟ್ಟು ಹಾಕುವ ಕೇಕೂ ಗಾಂಧಿಯವರ ಅಂಗಡಿ ಹೆಬ್ಬಾರ್, ಆರಾ, ಹುಸೇನರ ಚಿತ್ರಗಳನ್ನು ತನ್ನ ಕಿಟಕಿಯಲ್ಲಿಟ್ಟು ತೋರಿಸಿತು. ಆ ಅಂಗಡಿಯೇ ಮುಂದೆ ಕೆಮೋಲ್ಡ್ ಗ್ಯಾಲರಿಯಾಯಿತು. 1963ರಿಂದ ಬಹುಕಾಲ ಜಹಾಂಗೀರ್‌ನ ಮಹಡಿಯಲ್ಲಿದ್ದು, ಈಗ ಫೋರ್ಟ್‌ನ ಪ್ರೆಸ್ಕಾಟ್ ರಸ್ತೆಯಲ್ಲಿದೆ.

ಇವರಿಗೆಲ್ಲ ಬೇಕಾಗಿದ್ದದ್ದು ಗೋಡೆ ಮಾತ್ರವಲ್ಲ. ಒಂದು ಲೋಟ ಚಹಾ ಮುಂದಿಟ್ಟುಕೊಂಡು ಮೂರು ಗಂಟೆ ಕೂತರೂ ಏಳಿ ಎನ್ನದ ಒಂದು ಮೇಜು ಕೂಡ ಬೇಕಾಗಿತ್ತು.

ಅಂಥ ಮೇಜು 1964ರಲ್ಲಿ ಜಹಾಂಗೀರ್ ಗ್ಯಾಲರಿಯೊಳಗೇ ಬಂತು. ಹೆಸರು ಕೆಫೆ ಸಮೊವರ್. ರೈಲು ಡಬ್ಬಿಯಂಥ ಉದ್ದನೆಯ, ಕಿರಿದಾದ ಜಗುಲಿ. ಪಕ್ಕದಲ್ಲಿ ಮ್ಯೂಸಿಯಂನ ಹಸಿರು. ಪರಾಠ, ಪಕೋಡ, ದಹಿವಡೆ, ಸೀಬೆಹಣ್ಣಿನ ರಸ. ಹುಸೇನರಂಥ ಹೆಸರುವಾಸಿಗಳೂ, ಮೊದಲ ಪ್ರದರ್ಶನ ಇಟ್ಟು ಒಂದೂ ಚಿತ್ರ ಮಾರಾಟವಾಗದೆ ಕೂತ ಹುಡುಗರೂ ಅಕ್ಕಪಕ್ಕದ ಮೇಜಿನಲ್ಲಿ ಕಾಣಸಿಗುತ್ತಿದ್ದರು. ಕಲಾಶಾಲೆಯ ವಿದ್ಯಾರ್ಥಿಗೆ ಇದಕ್ಕಿಂತ ದೊಡ್ಡ ತರಗತಿ ಬೇಕೆ? 2015ರ ಮಾರ್ಚ್ 31ರಂದು ಸಮೊವರ್ ಬಾಗಿಲು ಹಾಕಿತು.

ಅದಕ್ಕೂ ಮೊದಲೇ ಕಣ್ಮರೆಯಾದದ್ದು ರಾಂಪಾರ್ಟ್ ರೋ ಮೂಲೆಯ ವೇಸೈಡ್ ಇನ್. ಜೆ.ಜೆ.ಯಲ್ಲಿ ಚಿತ್ರ ಕಲಿತು, ಮರಾಠಿ ಮತ್ತು ಇಂಗ್ಲಿಷ್ ಎರಡರಲ್ಲೂ ಕಾವ್ಯ ಬರೆದ ಅರುಣ್ ಕೊಲಟ್ಕರ್ ಇದರ ಕಿಟಕಿಯ ಬಳಿ ಕೂತು ಬೀದಿಯನ್ನು ವರ್ಷಗಟ್ಟಲೆ ನೋಡಿದರು. ಹಾಗೆ ನೋಡಿದ್ದರ ಫಲ ‘ಕಾಲಾ ಘೋಡಾ ಪೊಯೆಮ್ಸ್’. ಅದು ಪ್ರಕಟವಾದದ್ದು 2004ರಲ್ಲಿ, ಕವಿ ತೀರಿಕೊಂಡ ವರ್ಷವೇ. ಆ ಸಂಕಲನದಲ್ಲಿ ಬೆಳಗಿನ ತಿಂಡಿಯ ಕುರಿತ ದೀರ್ಘ ಕವನವೊಂದಿದೆ. ಅದರಲ್ಲಿ ಹೆಂಗಸೊಬ್ಬಳು ದೊಡ್ಡ ಡಬ್ಬಿಯಲ್ಲಿ ಇಡ್ಲಿ ಹೊತ್ತು ಈ ಬೀದಿಗೆ ಬರುತ್ತಾಳೆ. ಫುಟ್‌ಪಾತಿನಲ್ಲಿ ಬದುಕುವವರೆಲ್ಲ ಸುತ್ತ ಸೇರುತ್ತಾರೆ. ಈ ಬೀದಿಯ ಬಗ್ಗೆ ಬಂದ ಅತ್ಯುತ್ತಮ ಬರಹದ ನಡುವೆ ಇಡ್ಲಿ ಕೂತಿದೆ ಎಂಬುದು ಕನ್ನಡಿಗರಿಗೆ ಸಣ್ಣ ಸಂತೋಷದ ಸಂಗತಿ. ಮಗಳು ಇಂಗ್ಲಿಷ್ ಸಾಹಿತ್ಯ ಓದುತ್ತಿದ್ದರೆ ಹೊರಡುವ ಮೊದಲೇ ಗ್ರಂಥಾಲಯದಲ್ಲಿ ಹುಡುಕಲಿ.

2016ರಲ್ಲಿ ಎದುರಿನ ಸಂಗೀತದ ಅಂಗಡಿ ರಿದಂ ಹೌಸ್ ಕೂಡ ಮುಚ್ಚಿತು. ಇವುಗಳ ನಡುವೆಯೇ ಬೀದಿ ಮಾತ್ರ ಬಲು ಚೆಂದವಾಗಿದೆ. 1999ರಿಂದ ಕಲಾ ಉತ್ಸವ ನಡೆಯುತ್ತಿದೆ. ಚಳಿಗಾಲದ ಕೊನೆಯ ಆ ದಿನಗಳಲ್ಲಿ ಜನಜಾತ್ರೆ. ಹೊಸ ಹೊಸ ಕೆಫೆಗಳು ಬಂದಿವೆ. ನೋಡಲು ಅಂದ, ಕಾಫಿಯೂ ಒಳ್ಳೆಯದೇ. ಆದರೆ ಅಲ್ಲಿ ಒಂದು ಕಾಫಿಗೆ ಕೊಡುವ ಹಣದಲ್ಲಿ ಫೋರ್ಟ್‌ನಲ್ಲಿ ಒಬ್ಬ ವಿದ್ಯಾರ್ಥಿಯ ಊಟ ಮುಗಿಯುತ್ತದೆ. ಇಂದಿನ ಆರಾ ಎಲ್ಲಿ ಕೂರಬೇಕು? ಕಲೆಯ ಹೆಸರಿನಲ್ಲಿ ಬೆಲೆ ಏರಿದ ಬೀದಿಯಲ್ಲಿ ಕಲೆ ಕಲಿಯುವವನಿಗೇ ಮೇಜು ಸಿಗದಿರುವುದು ವಿಚಿತ್ರ.

ಮಧ್ಯಾಹ್ನದ ನಂತರ

ಊಟದ ತೂಕಡಿಕೆಗೆ ಮದ್ದು ಮ್ಯೂಸಿಯಂನ ಎದುರಿಗಿರುವ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ. 1911ರ ಕಾವಸ್‌ಜಿ ಜಹಾಂಗೀರ್ ಸಭಾಂಗಣವನ್ನು ಒಳಗಿನಿಂದ ಮಾರ್ಪಡಿಸಿ 1996ರಲ್ಲಿ ತೆರೆದದ್ದು. ಅರ್ಧವೃತ್ತದ ಅಂತಸ್ತುಗಳನ್ನು ಹತ್ತುತ್ತಾ ಗುಮ್ಮಟದವರೆಗೆ ಹೋಗಬಹುದು. ಸೋಮವಾರ ರಜೆ. ವಿದ್ಯಾರ್ಥಿಗಳು ಗುರುತಿನ ಚೀಟಿ ಇಟ್ಟುಕೊಂಡಿರಲಿ.

ಖಾಸಗಿ ಗ್ಯಾಲರಿಗಳ ಗಾಜಿನ ಬಾಗಿಲು ಕಂಡು ಹಿಂಜರಿಯುವವರೇ ಹೆಚ್ಚು. ಗಂಟೆ ಒತ್ತಿ ಒಳಹೋಗಲು ಯಾರ ಅಪ್ಪಣೆಯೂ ಬೇಡ, ಹಣವನ್ನೂ ಕೇಳುವುದಿಲ್ಲ, ಕೊಳ್ಳಬೇಕೆಂಬ ಕಟ್ಟಳೆಯಿಲ್ಲ. ಭಾನುವಾರ ಮಾತ್ರ ಬಹುತೇಕ ಮುಚ್ಚಿರುತ್ತವೆ. ಶನಿವಾರ ಹೋದರೆ ಎಲ್ಲವೂ ಸಿಗುತ್ತದೆ.

ಕೊಲಾಬಾ ಕಡೆಗೆ ಹತ್ತು ನಿಮಿಷ ನಡೆದರೆ ಕೆಫೆ ಮೊಂಡೆಗಾರ್. ಅದರ ಗೋಡೆಗಳ ತುಂಬ ವ್ಯಂಗ್ಯಚಿತ್ರಕಾರ ಮಾರಿಯೊ ಮಿರಾಂಡಾ ಚಿತ್ರಗಳು: ನಗರದ ಜನ, ಗಡಿಬಿಡಿ, ಗಡ್ಡ, ಟೋಪಿ, ನಾಯಿ. ಗ್ಯಾಲರಿಯಲ್ಲಿ ಬೇಸರಗೊಂಡ ಮಗು ಇಲ್ಲಿ ಅರ್ಧ ಗಂಟೆ ಗೋಡೆ ಬಿಟ್ಟು ಕದಲುವುದಿಲ್ಲ. ಸಂಜೆಯಾದರೆ ಮೇಜುಗಳ ಮೇಲೆ ಬಿಯರ್ ಜಾಸ್ತಿ; ಕುಟುಂಬದವರು ಮೂರು-ನಾಲ್ಕು ಗಂಟೆಗೆ ಹೋಗಿ ತಣ್ಣನೆಯದೇನಾದರೂ ಕುಡಿದು ಬರುವುದು ವಾಸಿ.

ಜಹಾಂಗೀರ್ ಆರ್ಟ್ ಗ್ಯಾಲರಿಯನ್ನು ಕೊನೆಗೆ ಇಟ್ಟುಕೊಳ್ಳಬೇಕು. 1952ರಿಂದ ಇರುವ ಈ ಗ್ಯಾಲರಿಗೆ ಪ್ರವೇಶ ಉಚಿತ. ಬೆಳಿಗ್ಗೆ 11ರಿಂದ ಸಂಜೆ 7ರವರೆಗೆ ತೆರೆದಿರುತ್ತದೆ. ಇಲ್ಲಿ ಒಂದು ವಾರ ಗೋಡೆ ಸಿಗಬೇಕಾದರೆ ಕಲಾವಿದರು ವರ್ಷಗಟ್ಟಲೆ ಕಾಯುತ್ತಾರೆ. ಹಾಗೆ ಕಾದವರು ಚಿತ್ರಗಳ ಪಕ್ಕದಲ್ಲೇ ಕುರ್ಚಿ ಹಾಕಿ ಕೂತಿರುತ್ತಾರೆ. ಅವರೊಂದಿಗೆ ಮಾತಾಡಬಹುದು. ಮಗನ ಓದಿನ ಬಗ್ಗೆ ಚಿಂತೆಯಿರುವ ತಂದೆ ಇಲ್ಲೇ ಒಬ್ಬರನ್ನು ಕೇಳಲಿ: ಎಲ್ಲಿ ಕಲಿತಿರಿ, ಸಂಸಾರ ಹೇಗೆ ನಡೆಯುತ್ತದೆ? ಶಾಲೆಯಲ್ಲಿ ಪಾಠ ಹೇಳುವವರು, ಜಾಹೀರಾತು ಕಂಪನಿಯಲ್ಲಿರುವವರು, ಪುಸ್ತಕಗಳಿಗೆ ಚಿತ್ರ ಬರೆಯುವವರು, ಚಿತ್ರ ಮಾರಿಯೇ ಬದುಕುವ ಕೆಲವರು ಎಲ್ಲರೂ ಸಿಗುತ್ತಾರೆ. ಉತ್ತರ ಹಿತವಾಗಿಯೇ ಇರುತ್ತದೆಂದು ಹೇಳಲಾಗದು, ಆದರೆ ಬಲ್ಲವರಿಂದ ಬಂದದ್ದಾಗಿರುತ್ತದೆ.

ಹೊರಗಿನ ಫುಟ್‌ಪಾತಿನಲ್ಲಿ ಗ್ಯಾಲರಿ ಸಿಗದ ಕಲಾವಿದರು ಕಂಬಿಗಳಿಗೆ ಚಿತ್ರ ಒರಗಿಸಿಕೊಂಡು ಕೂತಿರುತ್ತಾರೆ. ಎದುರು ಕೂತವರ ಮುಖ ಬರೆದುಕೊಡುವವರೂ ಇದ್ದಾರೆ. ಬೆಲೆ ಮೊದಲೇ ಕೇಳಿಕೊಳ್ಳಬೇಕು. ಸಂಜೆಯ ಹೊತ್ತಿಗೆ ಚಹಾದವನು ಬರುತ್ತಾನೆ. ಅರ್ಧ ಲೋಟಕ್ಕೆ ಇಲ್ಲಿ ‘ಕಟಿಂಗ್’ ಎನ್ನುತ್ತಾರೆ. ಶುಂಠಿ ಜಜ್ಜಿ ಹಾಕಿದ ಕಟಿಂಗ್ ಹಿಡಿದು ಕಟ್ಟೆಯ ಮೇಲೆ ಕೂರಬಹುದು. ಎಂಟು ಗಂಟೆಗೆ ಮುಂಚೆ ಉಪನಗರದ ರೈಲುಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲವಾದ್ದರಿಂದ ಏಳುವ ಅವಸರವೂ ಇಲ್ಲ. ಇನ್ನೊಂದು ಕಟಿಂಗ್ ಹೇಳಬಹುದು.